ಹಿಮದ ದಾರಿಗೆ ಚೈನೋ, ಕೇಬಲ್ಲೋ?
ಗಾಡಿ ಮಾತು: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಜನವರಿಯಲ್ಲಿ ಮನೆಮಂದಿಯೆಲ್ಲ ಕ್ರೆಟಾದಲ್ಲಿ ಮನಾಲಿಗೆ ಹೋಗಿ, ಅಟಲ್ ಸುರಂಗ ದಾಟಿ ಸಿಸ್ಸುವರೆಗೆ ನೋಡಿಕೊಂಡು ಬರಬೇಕೆಂದಿದ್ದೇವೆ. ಇಲ್ಲಿನ ಟೈರ್ ಅಂಗಡಿಯಲ್ಲಿ ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಚೈನ್ ಕೇಳಿದರೆ ‘ಟ್ರ್ಯಾಕ್ಟರಿಗಾ ಸಾರ್?’ ಅಂತಾರೆ. ಆನ್‌ಲೈನಿನಲ್ಲಿ ಕಬ್ಬಿಣದ ಚೈನು, ಕೇಬಲ್ಲು, ಪ್ಲಾಸ್ಟಿಕ್ ಪಟ್ಟಿ, ಬಟ್ಟೆ ಗವಸು ಎಲ್ಲ ಸಿಗುತ್ತಿವೆ. ಯಾವುದನ್ನು ತಗೊಳ್ಳಲಿ?
– ಬಟವಾಡಿ, ತುಮಕೂರು

ಉತ್ತರ: ಬೆಲೆ ನೋಡುವ ಮುಂಚೆ ಚಕ್ರದ ಹಿಂದೆ ಕೈ ಹಾಕಿ ನೋಡಿ. ಚೈನೋ ಕೇಬಲ್ಲೋ ಎಂಬುದನ್ನು ತೀರ್ಮಾನಿಸುವುದು ಟೈರಿಗೂ ಗಾಡಿಗೂ ನಡುವೆ ಇರುವ ಸಂದು. ಕ್ರೆಟಾದಲ್ಲಿ ಎಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನು, ಆದ್ದರಿಂದ ಚೈನ್ ಬೀಳಬೇಕಾದ್ದೂ ಅಲ್ಲೇ. ತೊಡಕು ಇರುವುದೂ ಅಲ್ಲೇ. ಮುಂದಿನ ಷಾಕ್ ಅಬ್ಸಾರ್ಬರಿನ ಸ್ಪ್ರಿಂಗ್ ಕೂತ ತಟ್ಟೆ ಟೈರಿನ ಒಳಭುಜಕ್ಕೆ ಬಲು ಹತ್ತಿರ ಬರುತ್ತದೆ. ಗಾಡಿಯನ್ನು ಜ್ಯಾಕ್ ಮೇಲೆ ಎತ್ತದೆ, ನೆಲದ ಮೇಲೇ ನಿಲ್ಲಿಸಿ, ಸ್ಟಿಯರಿಂಗನ್ನು ಒಂದು ಸಲ ಪೂರ್ತಿ ಎಡಕ್ಕೆ, ಒಂದು ಸಲ ಪೂರ್ತಿ ಬಲಕ್ಕೆ ತಿರುಗಿಸಿ ಅಳೆಯಿರಿ. ಶಾಲೆ ಮಕ್ಕಳ ಪೆನ್ಸಿಲ್ ಸುಮಾರು 7 ಮಿ.ಮೀ. ದಪ್ಪ. ಜೋಡಿಸಿ ಹಿಡಿದ ಎರಡು ಪೆನ್ಸಿಲ್ ಎಲ್ಲಿಯೂ ತಾಗದೆ ಒಳಗೆ ಹೋಗದಿದ್ದರೆ ದಪ್ಪ ಚೈನಿನ ಆಸೆ ಬಿಡಿ.

ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ ಗಾಡಿಗಳನ್ನು ಈ ಸಂದಿನ ಮೇಲೇ ಮೂರು ದರ್ಜೆ ಮಾಡಿದೆ, ಚೈನಿನ ಪೆಟ್ಟಿಗೆಯ ಮೇಲೂ ಆ ಅಕ್ಷರ ಇರುತ್ತದೆ. ‘ಎಸ್’ ಎಂದರೆ ಟೈರಿನ ಒಳಬದಿಯಲ್ಲಿ ಕನಿಷ್ಠ 15, ಮೇಲ್ಭಾಗದಲ್ಲಿ 37 ಮಿ.ಮೀ. ಜಾಗ. ‘ಯು’ಗೆ 23 ಮತ್ತು 50. ‘ಡಬ್ಲ್ಯು’ಗೆ 38 ಮತ್ತು 63. ಮುಂದಿನ ಚಕ್ರದಿಂದ ಓಡುವ ಎಸ್‌ಯುವಿಗೆ ‘ಎಸ್’ ದರ್ಜೆಯ ಮಾಲನ್ನೇ ನೋಡುವುದು ಕ್ಷೇಮ.

ಕೇಬಲ್ ಅಂದರೆ ಉಕ್ಕಿನ ಹಗ್ಗ, ಅದರ ಮೇಲೆ ಚಿಕ್ಕ ಚಿಕ್ಕ ಉಕ್ಕಿನ ಉರುಳೆ. ತೆಳು, ಹಗುರ, ಸದ್ದು ಕಡಿಮೆ, ಇಕ್ಕಟ್ಟಾದ ಸಂದಿಗೆ ಹೇಳಿ ಮಾಡಿಸಿದ್ದು. ಆದರೆ ಗಾಜಿನಂತೆ ಗಟ್ಟಿಯಾದ ಮಂಜುಗಡ್ಡೆಯ ಮೇಲೆ, ಗೇಣುದ್ದದ ಹಿಮದಲ್ಲಿ ಅದರ ಹಿಡಿತ ಚೈನಿನಷ್ಟಿಲ್ಲ. ಹರಿದರೆ ದಾರಿಯಲ್ಲಿ ರಿಪೇರಿಯೂ ಇಲ್ಲ. ಚೈನಿನ ಕೊಂಡಿ ಮುರಿದರೆ ಬಿಡಿ ಕೊಂಡಿ ಹಾಕಿ ಮುಂದೆ ಹೋಗಬಹುದು. ಚೈನಿನಲ್ಲೂ ಎರಡು ಜಾತಿ. ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡ ಇರುವುದು ಎಳೆಯುವುದರಲ್ಲಿ ಗಟ್ಟಿ, ಆದರೆ ಗಡಗಡ ಕುಲುಕುತ್ತದೆ, ಪಕ್ಕಕ್ಕೆ ಜಾರುವುದನ್ನು ಅಷ್ಟಾಗಿ ತಡೆಯದು. ಶಂಕರಪೋಳಿಯ ಆಕಾರದಲ್ಲಿ ಹೆಣೆದದ್ದಾದರೆ ಉರುಳುವಾಗ ಯಾವಾಗಲೂ ಒಂದಲ್ಲ ಒಂದು ಕೊಂಡಿ ನೆಲದ ಮೇಲಿರುತ್ತದೆ, ತಿರುವಿನಲ್ಲೂ ಬ್ರೇಕಿನಲ್ಲೂ ಹಿಡಿತ ಚೆನ್ನ. ಒಳಸಂದಿಗೆ 9 ಮಿ.ಮೀ. ದಪ್ಪದ್ದು ಕೂರುವಂತಿದ್ದರೆ ನಿಮಗೆ ಈ ಹೆಣಿಗೆಯ ಚೈನೇ ಸರಿ. ಕೂರದಿದ್ದರೆ 7 ಮಿ.ಮೀ.ನದು ಹುಡುಕಿ, ಅದೂ ಆಗದಿದ್ದರೆ ಕೇಬಲ್. 12, 16 ಮಿ.ಮೀ.ನವು ಏಣಿಯಾಕಾರದ ಉಕ್ಕಿನ ಚೌಕಟ್ಟಿನ (ಚಾಸಿ) ಮೇಲೆ ಕಟ್ಟಿದ ದೊಡ್ಡ ಗಾಡಿಗಳಿಗೆ.

ಪ್ಲಾಸ್ಟಿಕ್ ಪಟ್ಟಿ ಚಕ್ರಕ್ಕೆ ಒಂದೊಂದೇ ಬಿಗಿಯುವಂಥದ್ದು, ಹೂತ ಗಾಡಿಯನ್ನು ನಾಲ್ಕು ಮಾರು ಎಳೆದುಕೊಳ್ಳಲು ಸಾಕು, ಘಾಟಿ ಇಳಿಯಲು ಬೇಡ. ಬಟ್ಟೆ ಗವಸು ಹೊಸ ಹಿಮದ ಮೇಲೆ ಪರವಾಗಿಲ್ಲ. ಬರಿ ಟಾರಿನ ಮೇಲೆ ಸ್ವಲ್ಪ ದೂರ ಓಡಿಸಿದರೂ ಹರಿದುಹೋಗುತ್ತದೆ.

ಅಳತೆ ಟೈರಿನ ಮೇಲೇ ಬರೆದಿರುತ್ತದೆ. 215/60 ಆರ್ 17 ಎಂದರೆ ಅಗಲ 215 ಮಿ.ಮೀ., ಪಕ್ಕದ ಎತ್ತರ ಅದರ ಶೇ. 60, ರಿಮ್ 17 ಇಂಚು. ಮೂರೂ ಅಂಕಿ ಪೆಟ್ಟಿಗೆಯ ಪಟ್ಟಿಯಲ್ಲಿ ಹಾಗೇ ಇರಬೇಕು. ‘17 ಇಂಚಿಗೆ ಆಗುತ್ತೆ’ ಎಂದು ಮಾರುವುದನ್ನು ನಂಬಬೇಡಿ, ಅಗಲ ಬದಲಾದರೆ ಸುತ್ತಳತೆಯೂ ಬದಲಾಗುತ್ತದೆ. ಗಾಡಿಯ ಜೊತೆ ಬಂದ ಮ್ಯಾನ್ಯುಯಲ್ ಕೂಡ ತೆಗೆದು ನೋಡಿ. ಕೆಲವು ಕಂಪನಿಗಳು ದೊಡ್ಡ ರಿಮ್ಮಿಗೆ ಚೈನೇ ಬೇಡ ಎಂದು ಬರೆದಿರುತ್ತವೆ. ಸ್ಟೆಪ್ನಿಯ ಅಳತೆ ಬೇರೆಯಾಗಿದ್ದರೆ ಚೈನ್ ಅದಕ್ಕೆ ಕೂರುವುದಿಲ್ಲ. ಮುಂದಿನ ಚಕ್ರ ಪಂಕ್ಚರ್ ಆದರೆ ಹಿಂದಿನದೊಂದನ್ನು ಬಿಚ್ಚಿ ಮುಂದಕ್ಕೆ ಹಾಕಿ, ಸ್ಟೆಪ್ನಿಯನ್ನು ಹಿಂದಕ್ಕೆ ಹಾಕಬೇಕು. ಚಳಿಯಲ್ಲಿ ಇದು ಬೇಸರದ ಕೆಲಸ, ಆದರೆ ಬೇರೆ ದಾರಿಯಿಲ್ಲ.

ಪ್ರಶ್ನೆ: ನಮ್ಮೂರ ಮೇಲೆ ಹೋಗುವ 44ನೇ ನಂಬರ್ ಹೈವೇ ಹಿಡಿದರೆ ನೇರ ಶ್ರೀನಗರ. ಅಲ್ಲಿಂದ ಗುಲ್ಮಾರ್ಗ್. ನನ್ನದು ಸ್ಕಾರ್ಪಿಯೊ-ಎನ್, ಫೋರ್ ಬೈ ಫೋರ್. ನನಗೂ ಚೈನ್ ಬೇಕಾ?
– ಬಾಗೇಪಲ್ಲಿ, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ಬೇಕು. ಫೋರ್ ಬೈ ಫೋರ್ ಗಾಡಿಯನ್ನು ಮುಂದಕ್ಕೆ ಎಳೆಯುತ್ತದೆ, ನಿಲ್ಲಿಸುವುದಿಲ್ಲ. ಬ್ರೇಕ್ ಎಲ್ಲ ಗಾಡಿಯಲ್ಲೂ ನಾಲ್ಕು ಚಕ್ರಕ್ಕೇ ಇದೆ, ನಿಲ್ಲುವುದು ರಬ್ಬರ್ ನೆಲ ಹಿಡಿದಷ್ಟೇ. ನಮ್ಮ ಕಡೆ ಮಾರುವ ಟೈರುಗಳ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗಿಬಿಡುತ್ತದೆ. ಹತ್ತುವಾಗ ಎಲ್ಲರನ್ನೂ ಹಿಂದೆ ಹಾಕಿದ ಫೋರ್ ಬೈ ಫೋರ್ ಇಳಿಯುವಾಗ ಚರಂಡಿಗೆ ಬೀಳುವುದು ಇದಕ್ಕೇ. ಟೈರಿನ ಪಕ್ಕದಲ್ಲಿ ಮೂರು ಶಿಖರದ ನಡುವೆ ಹಿಮದ ಹರಳಿನ ಗುರುತು ಇದ್ದರೆ ಅದು ಹಿಮದ ಪರೀಕ್ಷೆ ಪಾಸಾದ ಟೈರು. ‘ಎಂ ಪ್ಲಸ್ ಎಸ್’ (ಮಡ್, ಸ್ನೋ; ಅಂದರೆ ಕೆಸರು, ಹಿಮ) ಅಂತಷ್ಟೇ ಇದ್ದರೆ ಅದಕ್ಕೆ ಅಂಥ ಪರೀಕ್ಷೆ ಕಡ್ಡಾಯವಲ್ಲ.

ಹಿಮ ಬಿದ್ದ ದಿನ ತಂಗ್‌ಮಾರ್ಗ್‌ನಿಂದ ಗುಲ್ಮಾರ್ಗ್‌ವರೆಗಿನ ಸುಮಾರು 13 ಕಿ.ಮೀ. ಏರಿಗೆ ಚೈನ್ ಇಲ್ಲದ ಗಾಡಿಯನ್ನು ಬಿಡುವುದಿಲ್ಲ. ತಂಗ್‌ಮಾರ್ಗ್‌ನಲ್ಲೇ ಚೈನ್ ಬಾಡಿಗೆಗೂ ಸಿಗುತ್ತದೆ. ಇಡೀ ಪ್ರವಾಸದಲ್ಲಿ ಆ ಒಂದೇ ಏರು ಇದ್ದರೆ ಕೊಳ್ಳುವ ಖರ್ಚು ದಂಡ. ಬಾಡಿಗೆಯದ್ದಾದರೂ ಅಳತೆ ಸರಿಯಿದೆಯೇ, ಕೊಂಡಿ ಸವೆದಿಲ್ಲವೇ ನೋಡಿಯೇ ಹಾಕಿಸಿ.

ಎಷ್ಟು ಚಕ್ರಕ್ಕೆ? ಸಾಧ್ಯವಾದರೆ ನಾಲ್ಕಕ್ಕೂ. ಮುಂದಕ್ಕೆ ಮಾತ್ರ ಹಾಕಿದರೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಗಾಡಿಯ ಹಿಂಭಾಗ ಸುತ್ತಿ ಬರುತ್ತದೆ. ಹಿಂದಕ್ಕೆ ಮಾತ್ರ ಹಾಕಿದರೆ ಸ್ಟಿಯರಿಂಗ್ ತಿರುಗಿಸಿದರೂ ಮೂತಿ ನೇರಕ್ಕೇ ಹೋಗುತ್ತದೆ. ಒಂದೇ ಜೋಡಿ ಇದ್ದರೆ ಮ್ಯಾನ್ಯುಯಲ್ ಹೇಳಿದ ಕಡೆಗೆ ಹಾಕಿ, ಇಳಿಯುವಾಗ ಚಿಕ್ಕ ಗೇರಿನಲ್ಲಿ ಎಂಜಿನ್ ಹಿಡಿತದ ಮೇಲೇ ಇಳಿಯಿರಿ.

ಪ್ರಶ್ನೆ: ಚೈನ್ ಹಾಕುವುದು ಹೇಗೆ? ಮನೆ ಮುಂದೆ ಒಮ್ಮೆ ಕಲಿತುಕೊಳ್ಳಬಹುದೇ?
– ಚಿಂತಾಮಣಿ

ಉತ್ತರ: ಕಲಿಯಲೇಬೇಕು. ಕೈ ಮರಗಟ್ಟುವ ಚಳಿಯಲ್ಲಿ, ಕತ್ತಲಲ್ಲಿ, ಹಿಂದೆ ಲಾರಿ ಹಾರ್ನ್ ಹೊಡೆಯುವಾಗ ಮೊದಲ ಸಲ ಪೆಟ್ಟಿಗೆ ಬಿಚ್ಚುವುದು ಬೇಡ. ಸಿಮೆಂಟ್ ಅಂಗಳದಲ್ಲಿ ಹಾಕಿ ತೆಗೆದರೆ ಸಾಕು, ಅದರ ಮೇಲೆ ಗಾಡಿ ಓಡಿಸಬೇಡಿ.

ಒಳಗೆ ಬಳೆಯಿರುವ ಬಗೆಯನ್ನೇ ಹೇಳುತ್ತೇವೆ, ಹೆಚ್ಚು ಸಿಗುವುದು ಅದೇ. ಗಾಡಿ ಸಮತಟ್ಟಾದ ಕಡೆ, ರಸ್ತೆಯಿಂದ ಆಚೆ ನಿಲ್ಲಲಿ. ಹ್ಯಾಂಡ್‌ಬ್ರೇಕ್ ಎಳೆದು ನಾಲ್ಕೂ ಇಂಡಿಕೇಟರ್ ಹಾಕಿ. ಜ್ಯಾಕ್ ಬೇಡ. ಚೈನನ್ನು ನೆಲದ ಮೇಲೆ ಹರಡಿ ಸಿಕ್ಕು ಬಿಡಿಸಿ, ಹತ್ತರಲ್ಲಿ ಒಂಬತ್ತು ಜನ ಎಡವುವುದು ಇಲ್ಲೇ. ಕೊಕ್ಕೆಗಳ ಬಾಯಿ ಟೈರಿನ ಕಡೆ ಇರದೆ ಹೊರಕ್ಕೆ ನೋಡಬೇಕು. ತಿರುಗುಮುರುಗಾದರೆ ಕೊಕ್ಕೆಯ ತುದಿ ಟೈರಿನ ಪಕ್ಕವನ್ನು ಕೊರೆಯುತ್ತದೆ.

ಬಾಗುವ ಬಳೆಯನ್ನು ಟೈರಿನ ಹಿಂದಿನಿಂದ ತೂರಿಸಿ, ಎರಡೂ ತುದಿಯನ್ನು ಮೇಲಕ್ಕೆ ತಂದು ಕೂಡಿಸಿ, ಆಮೇಲೆ ಬಳೆಯನ್ನು ಟೈರಿನ ಹಿಂಬದಿಗೆ ಪೂರ್ತಿ ತಳ್ಳಿ. ಹೊರಬದಿಯ ಕೊಕ್ಕೆ ಹಾಕಿ, ಬಿಗಿಯುವ ಸರಪಳಿಯನ್ನು ಅದರ ದಾರಿಯಲ್ಲೇ ಪೋಣಿಸಿ ಜಗ್ಗಿ, ಉಳಿದ ತುದಿಯನ್ನು ರಬ್ಬರಿನಿಂದ ಚೈನಿಗೇ ಸಿಕ್ಕಿಸಿ. ನೇತಾಡುವ ತುದಿಯನ್ನು ಬಿಟ್ಟರೆ ಅದು ಚಾಟಿಯಂತೆ ಬೀಸಿ ಮಡ್‌ಗಾರ್ಡ್ ಒಳಪದರ, ಬ್ರೇಕ್ ಪೈಪು, ಎಬಿಎಸ್ ಸೆನ್ಸರಿನ ವಯರು ಯಾವುದನ್ನೂ ಬಿಡುವುದಿಲ್ಲ. ನೂರು ಮೀಟರ್ ಹೋಗಿ ಇಳಿದು ಮತ್ತೆ ಬಿಗಿಯಿರಿ. ಮೊದಲ ಸುತ್ತುಗಳಲ್ಲಿ ಚೈನ್ ಸಡಿಲಾಗಿಯೇ ಆಗುತ್ತದೆ.

ಚೈನ್ ಸಡಿಲ ಬರುತ್ತದೆಂದು ಟೈರಿನ ಗಾಳಿ ಇಳಿಸಿ ಹಾಕುವವರಿದ್ದಾರೆ, ಹಾಗೆ ಮಾಡಬೇಡಿ. ವೇಗ ಗಂಟೆಗೆ 50 ಕಿ.ಮೀ. ಒಳಗೆ, ಪೆಟ್ಟಿಗೆಯ ಮೇಲೆ ಇನ್ನೂ ಕಡಿಮೆ ಬರೆದಿದ್ದರೆ ಅಷ್ಟೇ. ಆಕ್ಸಿಲರೇಟರ್ ಒತ್ತಿ ಚಕ್ರ ಒಂದೇ ಕಡೆ ಗಿರಗಿರ ತಿರುಗಿಸಿದರೆ ಕೊಂಡಿ ಮುರಿಯುತ್ತದೆ. ಹಿಮ ಮುಗಿದು ಟಾರು ಕಾಣಿಸಿದ ಕೂಡಲೇ ತೆಗೆಯಿರಿ. ಊರಿಗೆ ಬಂದ ಮೇಲೆ ಸಿಹಿನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿಡಿ. ರಸ್ತೆಗೆ ಚೆಲ್ಲಿದ ಉಪ್ಪು ಹತ್ತಿದ್ದರೆ ಒಂದೇ ಮಳೆಗಾಲಕ್ಕೆ ತುಕ್ಕು ತಿಂದುಬಿಡುತ್ತದೆ.

ಬೇಕಾಗುವ ಸಾಮಾನು: ರಬ್ಬರ್ ಕೈಗವಸು, ಮಂಡಿಯೂರಲು ಹಳೇ ಗೋಣಿಚೀಲ, ತಲೆಗೆ ಕಟ್ಟುವ ಟಾರ್ಚು, ಬಿಡಿ ಕೊಂಡಿ ಎರಡು.

ಪ್ರಶ್ನೆ: ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಡಿಸೆಂಬರಿನಲ್ಲಿ ನಾವು ಹೋದಾಗ ಬಾಡಿಗೆ ಎಸ್‌ಯುವಿಯಲ್ಲಿ ಟಾಹೋ ಸರೋವರಕ್ಕೆ ಕರೆದೊಯ್ಯುತ್ತಾಳಂತೆ. ಅಲ್ಲಿ ಆರ್-1, ಆರ್-2 ಎಂದೆಲ್ಲ ಬೋರ್ಡ್ ಇರುತ್ತದಂತಲ್ಲ?
– ಕೋಲಾರ

ಉತ್ತರ: ಆರ್-1 ಹಾಕಿದ್ದರೆ ಹಿಮದ ಟೈರು ಇರುವ ಹಗುರ ಗಾಡಿಗೆ ಚೈನ್ ಹಾಕದೆ ಹೋಗಲು ಬಿಡುತ್ತಾರೆ. ಆರ್-2ರಲ್ಲಿ ಆ ವಿನಾಯಿತಿ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ, ನಾಲ್ಕರಲ್ಲೂ ಹಿಮದ ಟೈರಿರುವ ಗಾಡಿಗೆ ಮಾತ್ರ. ಎರಡರಲ್ಲೂ ಚೈನ್ ಡಿಕ್ಕಿಯಲ್ಲಿ ಇರಲೇಬೇಕು. ಆರ್-3 ಎಂದರೆ ಯಾರಿಗೂ ರಿಯಾಯಿತಿಯಿಲ್ಲ, ಆ ಹೊತ್ತಿಗೆ ಸಾಮಾನ್ಯವಾಗಿ ರಸ್ತೆಯನ್ನೇ ಮುಚ್ಚಿರುತ್ತಾರೆ. ಇಂಥ ಕಡೆ ವೇಗ ಗಂಟೆಗೆ 25 ಅಥವಾ 30 ಮೈಲಿ, ಅಂದರೆ 40ರಿಂದ 48 ಕಿ.ಮೀ. ಅಲ್ಲಿ ಕೇಬಲ್ಲನ್ನೂ ಚೈನ್ ಲೆಕ್ಕಕ್ಕೆ ಒಪ್ಪುತ್ತಾರೆ. ಬಾಡಿಗೆ ಕರಾರನ್ನು ಮಾತ್ರ ಮಗಳಿಗೆ ಪೂರ್ತಿ ಓದಲು ಹೇಳಿ. ಚೈನ್ ಹಾಕಕೂಡದು ಎಂಬ ಷರತ್ತು ಹಲವು ಕಂಪನಿಗಳಲ್ಲಿದೆ, ಹಾಕಿ ಗಾಡಿಗೆ ಏಟಾದರೆ ದುಡ್ಡು ಅವಳ ಕೈಯಿಂದಲೇ ಹೋಗುತ್ತದೆ.

ಪ್ರಶ್ನೆ: ಪ್ರವಾಸ ಮುಗಿದ ಮೇಲೆ ಅದೇ ಚೈನನ್ನು ಮಳೆಗಾಲದಲ್ಲಿ ತೋಟದ ಕೆಸರಿಗೆ ಬಳಸಬಹುದೇ?
– ಮಾಲೂರು

ಉತ್ತರ: ಏಣಿಯ ಬಗೆಯದ್ದಾದರೆ ಆಗುತ್ತದೆ. ಕೇಬಲ್ ಆಗದು, ಕೆಮ್ಮಣ್ಣು ಮೆತ್ತಿಕೊಂಡರೆ ಅದು ಇದ್ದೂ ಇಲ್ಲದಂತೆ. ತೋಟದ ಗೇಟಿನಲ್ಲಿ ಬಿಚ್ಚಿಯೇ ಟಾರು ಹತ್ತಿ.

ಪ್ರಶ್ನೆ: ಡೀಸೆಲ್ ಗಾಡಿ. ಚಳಿಗೆ ಬೇರೇನು ನೋಡಿಕೊಳ್ಳಬೇಕು?
– ಶಿರಾ

ಉತ್ತರ: ನಮ್ಮ ಕಡೆಯ ಡೀಸೆಲ್ಲಿನಲ್ಲಿರುವ ಮೇಣ ಕೊರೆಯುವ ಚಳಿಗೆ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಬೆಟ್ಟ ಹತ್ತುವ ಮುಂಚೆ ಟ್ಯಾಂಕ್ ಆದಷ್ಟು ಖಾಲಿಯಾಗಲಿ, ಆಮೇಲೆ ಅಲ್ಲಿನ ಬಂಕಿನಲ್ಲೇ ತುಂಬಿಸಿ. ಲಡಾಖಿನಂಥ ಕಡೆಗೆಂದು ಇಂಡಿಯನ್ ಆಯಿಲ್ 2019ರಲ್ಲಿ ತಂದ ಚಳಿಗಾಲದ ಡೀಸೆಲ್ ಮೈನಸ್ 33 ಡಿಗ್ರಿಯವರೆಗೂ ಹೆಪ್ಪುಗಟ್ಟುವುದಿಲ್ಲ. ರೇಡಿಯೇಟರಿನಲ್ಲಿ ಬರಿ ನೀರಿದ್ದರೆ ತೆಗೆಸಿ ಕೂಲಂಟ್, ನೀರು ಅರ್ಧಕ್ಕರ್ಧ ಹಾಕಿಸಿ. ಗಾಜು ತೊಳೆಯುವ ಡಬ್ಬಿಯಲ್ಲೂ ಬರಿ ನೀರು ಬೇಡ. ರಾತ್ರಿ ವೈಪರ್ ಎತ್ತಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಬೆಳಿಗ್ಗೆ ಹೆಪ್ಪುಗಟ್ಟಿ ಬಿಡದೇ ಇರಬಹುದು, ಸಮತಟ್ಟಿನಲ್ಲಿ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ.