ಬಂಕಿನ ಪಕ್ಕದ ಬಾವಿ: ಯಾರನ್ನು ಕೇಳಬೇಕು, ಏನನ್ನು ಕೇಳಬೇಕು?

ನಮಸ್ಕಾರ. ನಿಮ್ಮ ಪತ್ರ ತಲುಪಿತು. ಹಿತ್ತಲಲ್ಲಿ ಬಾವಿ, ಕಾಂಪೌಂಡಿನ ಆಚೆ ಹಳೆಯ ಪೆಟ್ರೋಲ್ ಬಂಕ್. ಈ ಬೇಸಿಗೆಯಿಂದ ಬಾವಿ ನೀರಿಗೆ ಪೆಟ್ರೋಲ್ ವಾಸನೆ ಬರುತ್ತಿದೆ ಎಂದು ಬರೆದಿದ್ದೀರಿ. ಬಂಕಿನವರನ್ನು ಕೇಳಿದರೆ, "ಮೊನ್ನೆ ತಾನೇ ಇನ್‌ಸ್ಪೆಕ್ಷನ್ ಆಯ್ತು, ಸೀಲ್ ಹಾಕಿ ಹೋಗಿದ್ದಾರೆ, ಎಲ್ಲಾ ಸರಿ ಇದೆ" ಎಂದರಂತೆ. ಕಾಯಿಸಿ ಕುಡಿದರೆ ಪರವಾಗಿಲ್ಲವೇ ಎಂಬುದು ನಿಮ್ಮ ಕೊನೆಯ ಪ್ರಶ್ನೆ. ಅದಕ್ಕೇ ಮೊದಲು ಉತ್ತರಿಸುತ್ತೇನೆ.

ಬೇಡ. ಕುಡಿಯಬೇಡಿ, ಅಡುಗೆಗೆ ಬಳಸಬೇಡಿ, ಸ್ನಾನಕ್ಕೂ ಬೇಡ. ಕಾಯಿಸಿದರೆ ಪೆಟ್ರೋಲಿನ ಅಂಶ ಆವಿಯಾಗಿ ನಿಮ್ಮ ಅಡುಗೆಮನೆಯ ಗಾಳಿಗೇ ಸೇರುತ್ತದೆ. ಇನ್ನೊಂದು ಮಾತು. ಬಾವಿಗೆ ಇಳಿಯುವ ಮುಂಚೆ ಗಾಳಿ ಹೇಗಿದೆ ನೋಡಲು ದೀಪ ಹಚ್ಚಿ ಇಳಿಬಿಡುವ ರೂಢಿ ನಮ್ಮಲ್ಲಿ ಇದೆ ಅಲ್ವಾ? ಈ ಬಾವಿಯಲ್ಲಿ ಅದನ್ನು ಯಾವ ಕಾರಣಕ್ಕೂ ಮಾಡಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಬಾವಿಯೊಳಗೆ ಅದು ತಂಗಿ ನಿಲ್ಲುತ್ತದೆ, ಒಂದು ಕಿಡಿ ಸಾಕು. ಪಂಪ್‌ಸೆಟ್ಟಿನ ಸ್ವಿಚ್ಚನ್ನೂ ಮುಟ್ಟಬೇಡಿ. ಯಾರನ್ನೂ ಒಳಗೆ ಇಳಿಸಬೇಡಿ.

ವಾಸನೆ ಸ್ವಲ್ಪವೇ ಇದೆ ಎಂದು ಸುಮ್ಮನಿರಬೇಡಿ. ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡ 1ರವರೆಗೆ ಬೆಂಜೀನ್ ಇರಬಹುದು. ಅದು ಕ್ಯಾನ್ಸರ್ ತರುವ ವಸ್ತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಲೆಕ್ಕ ಹಾಕಿ ನೋಡಿ: ಅಂಥ ಒಂದೇ ಲೀಟರ್ ಪೆಟ್ರೋಲಿನ ಬೆಂಜೀನ್ 8 ಲಕ್ಷ ಲೀಟರ್ ನೀರನ್ನು ಆ ಮಿತಿ ದಾಟಿಸಬಲ್ಲದು.

ಇನ್ನು ಇನ್‌ಸ್ಪೆಕ್ಷನ್ ವಿಷಯ. ಬಂಕಿನವರು ಸುಳ್ಳು ಹೇಳಿರಲಿಕ್ಕಿಲ್ಲ. ಆದರೆ ಸೀಲ್ ಹಾಕುವವರು ಕಾನೂನು ಮಾಪನಶಾಸ್ತ್ರ ಇಲಾಖೆಯವರು. ಅವರು 5 ಲೀಟರಿನ ಅಳತೆ ಪಾತ್ರೆಗೆ ಎಣ್ಣೆ ಬಿಟ್ಟು, ಅಳತೆ ಸರಿ ಇದೆಯೇ ಎಂದು ನೋಡುತ್ತಾರೆ. ಅದು ಗಿರಾಕಿಗೆ ಮೋಸವಾಗದಿರಲಿ ಎಂದು ಮಾಡುವ ಪರೀಕ್ಷೆ. ನೆಲದಡಿಯ ಟ್ಯಾಂಕಿಗೂ ಅದಕ್ಕೂ ಸಂಬಂಧವಿಲ್ಲ. ಟ್ಯಾಂಕು 2002ರ ಪೆಟ್ರೋಲಿಯಂ ನಿಯಮಗಳಿಗೆ ಸೇರಿದ್ದು. ಅದಕ್ಕೆ ಲೈಸೆನ್ಸ್ ಕೊಡುವುದು ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ 'ಪೆಸೊ', ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ.

ಹೂತಿಟ್ಟ ಟ್ಯಾಂಕನ್ನು ಕಣ್ಣಿನಿಂದ ನೋಡಲು ಆಗುವುದಿಲ್ಲ. ಅದರ ಆರೋಗ್ಯ ಗೊತ್ತಾಗುವುದು ಬಹುಮಟ್ಟಿಗೆ ಒಂದು ಕೋಲು ಮತ್ತು ಒಂದು ಪುಸ್ತಕದಿಂದ. ಬೆಳಿಗ್ಗೆ ಬಂಕ್ ಹುಡುಗ ಮುಚ್ಚಳ ತೆಗೆದು ಡಿಪ್ ರಾಡ್ ಇಳಿಸುವುದನ್ನು ನೀವು ಕಾಂಪೌಂಡಿನಿಂದಲೇ ನೋಡಿರಬಹುದು. ರಾಡಿನ ತುದಿಗೆ ಒಂದು ಪೇಸ್ಟ್ ಸವರಿರುತ್ತಾರೆ. ತಳದಲ್ಲಿ ನೀರಿದ್ದರೆ ಅಷ್ಟು ಭಾಗದ ಬಣ್ಣ ಬದಲಾಗುತ್ತದೆ. ಎಣ್ಣೆ ಎಲ್ಲಿಯವರೆಗೆ ಒದ್ದೆ ಮಾಡಿದೆ ನೋಡಿ, ಚಾರ್ಟ್ ಹಿಡಿದು ಲೀಟರ್ ಬರೆಯುತ್ತಾರೆ. ನಿನ್ನೆಯ ಸ್ಟಾಕು, ಅದಕ್ಕೆ ಟ್ಯಾಂಕರ್ ಇಳಿಸಿದ್ದು ಕೂಡಿಸಿ, ಮಾರಿದ್ದು ಕಳೆದರೆ ಇವತ್ತಿನ ಸ್ಟಾಕು ಬರಬೇಕು.

ತೊಂದರೆ ಇರುವುದು ಇಲ್ಲೇ. 2 ಮೀಟರ್ ವ್ಯಾಸ, 6 ಮೀಟರ್ ಉದ್ದದ ಟ್ಯಾಂಕು ಅರ್ಧ ತುಂಬಿದ್ದಾಗ, ರಾಡಿನ ಮೇಲೆ 1 ಮಿಲಿಮೀಟರ್ ಎಂದರೆ 12 ಲೀಟರ್. ದಿನಕ್ಕೆ 10 ಲೀಟರ್ ಸೋರಿದರೆ ರಾಡಿನಲ್ಲಿ ಕಾಣುವುದೇ ಇಲ್ಲ. ತಿಂಗಳಿಗೆ ಅದು 300 ಲೀಟರ್! ಹಾಗಾಗಿ ಒಂದು ದಿನದ ಡಿಪ್ ಏನನ್ನೂ ಹೇಳುವುದಿಲ್ಲ. ಬಿಸಿಲಿಗೆ ಹಿಗ್ಗಿದ್ದು, ಆವಿಯಾಗಿದ್ದು, ಓದಿದ್ದರಲ್ಲಿ ತಪ್ಪಿದ್ದು ಎಲ್ಲಾ ಸೇರಿ ವ್ಯತ್ಯಾಸ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬರುತ್ತದೆ. ತಿಂಗಳುಗಟ್ಟಲೆ ಬರೀ ಕಡಿಮೆಯೇ ಬರುತ್ತಿದ್ದರೆ ಸೋರಿಕೆಯ ಅನುಮಾನ ಪಡಲೇಬೇಕು. ತೂತು ಒಳಗೂ ಬಿಡುತ್ತದೆ, ಹೊರಗೂ ಬಿಡುತ್ತದೆ. ಮಳೆಗಾಲದಲ್ಲಿ ಅಂತರ್ಜಲ ಏರಿದಾಗ ಟ್ಯಾಂಕಿನೊಳಗೆ ನೀರು ಬರುವುದೂ ಅದರ ಸುಳಿವೇ. ಈಗ ಎಥೆನಾಲ್ ಬೆರೆತ ಪೆಟ್ರೋಲ್ ಆದ್ದರಿಂದ ಸ್ವಲ್ಪ ನೀರು ಅದರಲ್ಲೇ ಕರಗಿಬಿಡುತ್ತದೆ, ಪೇಸ್ಟಿಗೆ ಸಿಗದೆಯೂ ಹೋಗಬಹುದು.

ಅಮೆರಿಕದಲ್ಲಿ ಹೂತಿಟ್ಟ ಟ್ಯಾಂಕುಗಳಿಗೆ 1988ರಲ್ಲಿ ಪ್ರತ್ಯೇಕ ನಿಯಮ ಬಂತು. ಹಳೆಯ ಕಬ್ಬಿಣದ ಟ್ಯಾಂಕಿಗೆ ತುಕ್ಕಿನಿಂದ ರಕ್ಷಣೆ ಕೊಡಿ, ಇಲ್ಲವೇ ಮುಚ್ಚಿ ಎಂದು 1998ರ ಡಿಸೆಂಬರ್‌ವರೆಗೆ ಗಡುವು ಕೊಟ್ಟರು. 2005ರ ಕಾನೂನಿನಂತೆ ಪ್ರತಿ ಟ್ಯಾಂಕನ್ನೂ 3 ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಲೇಬೇಕು. ನಮ್ಮಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಶಾಲೆ, ಆಸ್ಪತ್ರೆ, ವಸತಿ ಪ್ರದೇಶದಿಂದ 50 ಮೀಟರ್ ದೂರ ಇರಬೇಕು ಎಂದಿತು. ಒಳ್ಳೆಯದೇ. ಆದರೆ ಆ ದೂರದ ಮಾತು ಹೊಸ ಬಂಕುಗಳಿಗೆ. ನಿಮ್ಮ ಪಕ್ಕದಲ್ಲಿರುವಂಥ ಹಳೆಯ ಬಂಕುಗಳ ಸೋರಿಕೆ ಪರೀಕ್ಷೆಯ ಫಲಿತಾಂಶ ಅಕ್ಕಪಕ್ಕದ ಮನೆಯವರಿಗೆ ಕೇಳದೆಯೇ ಸಿಗುವಂತಾಗಬೇಕು. ನೀರು ಕುಡಿಯುವವರು ಅವರು ತಾನೇ?

ಈಗ ನೀವು ಮಾಡಬೇಕಾದ್ದು. ಜಿಲ್ಲಾಧಿಕಾರಿಗೆ ಲಿಖಿತ ದೂರು ಕೊಡಿ. ಬಂಕಿಗೆ ನಿರಾಕ್ಷೇಪಣಾ ಪತ್ರ ಕೊಡುವುದು ಜಿಲ್ಲಾಡಳಿತ, ಅದನ್ನು ರದ್ದು ಮಾಡುವ ಅಧಿಕಾರವೂ ಅದಕ್ಕಿದೆ. ಪ್ರತಿಗಳನ್ನು ಪೆಸೊಗೆ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಮ್ಮ ಪ್ರಾದೇಶಿಕ ಕಚೇರಿಗೆ, ತೈಲ ಕಂಪನಿಗೆ ಕಳಿಸಿ, ಸ್ವೀಕೃತಿ ಪಡೆಯಿರಿ. "ತಪಾಸಣೆ ಮಾಡಿ" ಎಂದಷ್ಟೇ ಬರೆದರೆ ಮತ್ತೆ ಅಳತೆ ನೋಡಿ ಹೋದಾರು. ಹೀಗೆ ಬರೆಯಿರಿ: ಕಳೆದ ಒಂದು ವರ್ಷದ ಡಿಪ್ ಮತ್ತು ಸ್ಟಾಕ್ ಪುಸ್ತಕ ನೋಡಿ, ಟ್ಯಾಂಕು ಮತ್ತು ಪೈಪ್‌ಲೈನ್ ಎರಡಕ್ಕೂ ಒತ್ತಡ ಪರೀಕ್ಷೆ ಮಾಡಿಸಿ, ವರದಿಯ ಪ್ರತಿ ನನಗೆ ಕೊಡಿ. ಪೈಪನ್ನು ಬಿಡಬೇಡಿ. ಟ್ಯಾಂಕು ಗಟ್ಟಿಯಿದ್ದು ಪೈಪಿನ ಜಾಯಿಂಟಿನಲ್ಲಿ ಸೋರುವುದೂ ಉಂಟು.

ಜೊತೆಗೆ ನೀರಿನ ಪರೀಕ್ಷೆ. ಮಾಮೂಲಿ ಕುಡಿಯುವ ನೀರಿನ ಟೆಸ್ಟಿನಲ್ಲಿ ಬೆಂಜೀನ್ ನೋಡುವುದಿಲ್ಲ. ಲ್ಯಾಬಿನಲ್ಲಿ ಬೆಂಜೀನ್, ಟಾಲ್ವೀನ್, ಈಥೈಲ್ ಬೆಂಜೀನ್, ಕ್ಸೈಲೀನ್ ಎಂದು ಹೆಸರು ಹೇಳಿಯೇ ಕೇಳಿ. ಸ್ಯಾಂಪಲ್ಲನ್ನು ಅವರಿಂದಲೇ ತೆಗೆಸಿದರೆ ಒಳ್ಳೆಯದು. ಪ್ಲಾಸ್ಟಿಕ್ ಬಾಟಲಿ ಬೇಡ. ಗಾಜಿನ ಬಾಟಲಿಯಲ್ಲಿ, ಗಾಳಿಗೆ ಜಾಗವಿಲ್ಲದಂತೆ ಅಂಚಿನವರೆಗೆ ತುಂಬಿ, ಐಸಿನಲ್ಲಿಟ್ಟು ಅದೇ ದಿನ ಲ್ಯಾಬಿಗೆ ತಲುಪಿಸಬೇಕು. ವರದಿ ಬಂದ ಕೂಡಲೇ ನಮಗೂ ಒಂದು ಪ್ರತಿ ಕಳಿಸಿ.