ಬಿಗಿದಷ್ಟೂ ಸೋರುವ ಕವರ್

ಪ್ರಶ್ನೆ: ನನ್ನದು 14 ವರ್ಷ ಹಳೆಯ ಪೆಟ್ರೋಲ್ ಕಾರು. ಎಂಜಿನ್ ಮೇಲಿನ ಟ್ಯಾಪೆಟ್ ಕವರ್‌ನ ಅಂಚಿನಲ್ಲಿ ಆಯಿಲ್ ಜಿನುಗುತ್ತಿತ್ತು. ಕವರ್ ಕೆಳಗೆ ಕೂರುವ ಹೊಸ ಪ್ಯಾಕಿಂಗ್ (ಗ್ಯಾಸ್ಕೆಟ್) ತಂದು ನಾನೇ ಕೂರಿಸಿದೆ. ಒಂದು ವಾರ ಸರಿಯಿತ್ತು, ಮತ್ತೆ ಜಿನುಗಲು ಶುರುವಾಯಿತು. ಬೋಲ್ಟ್‌ಗಳನ್ನು ಇನ್ನಷ್ಟು ಬಿಗಿದೆ. ಈಗ ಮೊದಲಿಗಿಂತ ಜಾಸ್ತಿ ಸೋರುತ್ತಿದೆ. ಇನ್ನೂ ಬಿಗಿಯಲೇ, ಅಥವಾ ಪ್ಯಾಕಿಂಗ್‌ನ ಎರಡೂ ಬದಿಗೆ ಸಿಲಿಕೋನ್ ಮೆತ್ತಲೇ?

ಉತ್ತರ: ಎರಡೂ ಬೇಡ. ಮೊದಲು ಪಾನಾ ಕೆಳಗಿಡಿ.

ಕೆಲಸ ಕಲಿಯುತ್ತಿದ್ದ ಮೊದಲ ವರ್ಷ ನಾನೂ ಇದನ್ನೇ ಮಾಡಿದವನು. ಸೋರುತ್ತಿದ್ದ ಕವರ್‌ಗೆ ‘ಇನ್ನೊಂದು ಸುತ್ತು’ ಕೊಡಲು ಹೋಗಿ ಆರು ಎಂಎಂ ಬೋಲ್ಟ್ ಒಂದನ್ನು ಹೆಡ್‌ನೊಳಗೇ (ಕವರ್ ಕೂರುವ ಎಂಜಿನ್‌ನ ಮೇಲ್ಭಾಗ) ಮುರಿದಿದ್ದೆ. ‘ಚಕ್ರ ಬಿಗೀತಿದ್ದೀಯೇನೋ?’ ಎಂದು ಮೇಸ್ತ್ರಿ ಕೇಳಿದ್ದು ಬಿಟ್ಟರೆ ಬೈಯಲಿಲ್ಲ. ಮುರಿದ ತುಂಡಿನ ನಡುವೆ ಪಂಚ್ ಹೊಡೆದು, ಸಣ್ಣ ಡ್ರಿಲ್ ಹಾಕಿ, ಥ್ರೆಡ್ ಹಾಳಾಗದಂತೆ ಹೊರಗೆ ತೆಗೆಯಲು ನನಗೆ ಅರ್ಧ ದಿನ ಹಿಡಿಯಿತು. ಅದೇ ಸಂಜೆ ಅವರು ಪಾನಾದ ತುದಿಗೆ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ‘ಎಳಿ’ ಎಂದರು. ಮುಳ್ಳು ನೋಡುತ್ತಾ ಎಳೆದಾಗಲೇ ಗೊತ್ತಾಗಿದ್ದು, ನಾನು ‘ಸಾಧಾರಣ’ ಎಂದುಕೊಂಡಿದ್ದ ಬಿಗಿ ಬೇಕಾದ್ದಕ್ಕಿಂತ ಮೂರು ಪಟ್ಟು ಇತ್ತು ಎಂದು.

ಲೆಕ್ಕ ಸುಲಭವಾಗಿದೆ. ಹೆಚ್ಚಿನ ಕಾರುಗಳಲ್ಲಿ ಈ ಕವರ್‌ನ ಸಣ್ಣ ಬೋಲ್ಟ್‌ಗಳಿಗೆ ಬೇಕಾಗುವುದು ಸುಮಾರು 8ರಿಂದ 10 ನ್ಯೂಟನ್ ಮೀಟರ್. ನಿಮ್ಮ ಗಾಡಿಯ ನಿಖರ ಅಂಕಿ ಅದರ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ, ಅದನ್ನೇ ಹಿಡಿಯಿರಿ. ಹತ್ತು ನ್ಯೂಟನ್ ಮೀಟರ್ ಎಂದರೆ, ಬೋಲ್ಟ್‌ನ ನಡುವಿನಿಂದ 10 ಸೆಂಟಿಮೀಟರ್ ದೂರದಲ್ಲಿ ಪಾನಾ ಹಿಡಿದರೆ ಸುಮಾರು 10 ಕೆಜಿ ಎಳೆತ. 25 ಸೆಂಟಿಮೀಟರ್ ಉದ್ದದ ಹಿಡಿಕೆಯಾದರೆ ಬರೀ 4 ಕೆಜಿ. ನಾಲ್ಕು ಕೆಜಿ ಎಳೆದದ್ದು ದೊಡ್ಡವರ ಕೈಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಈ ಕೆಲಸಕ್ಕೆ ಗಿಡ್ಡ ಹಿಡಿಕೆ ಒಳ್ಳೆಯದು. ಥ್ರೆಡ್‌ಗೆ ಆಯಿಲ್ ಮೆತ್ತಿದ್ದರಂತೂ ಅಷ್ಟೇ ಎಳೆತಕ್ಕೆ ಬೋಲ್ಟ್ ಇನ್ನೂ ಬಿಗಿಯಾಗಿ ಕೂರುತ್ತದೆ, ಒರೆಸಿಕೊಂಡೇ ಹಾಕಿ.

ಈಗ, ಬಿಗಿದ ಮೇಲೆ ಯಾಕೆ ಜಾಸ್ತಿಯಾಯಿತು? ನಿಮ್ಮದು ತಗಡಿನ ಕವರ್ ಆಗಿದ್ದರೆ, ಬೋಲ್ಟ್ ಇರುವಲ್ಲಿ ತಗಡು ಕೆಳಕ್ಕೆ ಕುಸಿಯುತ್ತದೆ, ಎರಡು ಬೋಲ್ಟ್‌ಗಳ ನಡುವೆ ಮೇಲಕ್ಕೆ ಬಿಲ್ಲಿನಂತೆ ಏಳುತ್ತದೆ. ತೂತಿನ ಹತ್ತಿರ ಪ್ಯಾಕಿಂಗ್ ಜಜ್ಜಿಹೋಗಿರುತ್ತದೆ, ನಡುವೆ ಅದರ ಮೇಲೆ ಭಾರವೇ ಇರುವುದಿಲ್ಲ. ಆಯಿಲ್ ಅಲ್ಲಿಂದ ಬರುತ್ತದೆ. ಕವರ್ ಬಿಚ್ಚಿ ದಪ್ಪ ಗಾಜಿನ ಮೇಲೆ ಬೋರಲಾಗಿಟ್ಟು ಒಳಗಡೆ ಟಾರ್ಚ್ ಹಾಕಿ ನೋಡಿ. ಬೆಳಕು ಸಂದಿಯಲ್ಲಿ ಕಂಡರೆ ತಗಡು ಬಾಗಿದೆ. ಅಂಚಿನ ಕೆಳಗೆ ಮರದ ತುಂಡು ಕೊಟ್ಟು, ಉಬ್ಬಿದ ತೂತುಗಳನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಮಟ್ಟಸ ಮಾಡಬಹುದು. ಪ್ಲಾಸ್ಟಿಕ್ ಕವರ್ ಬಾಗಿದ್ದರೆ ಅಥವಾ ಸೀಳಿದ್ದರೆ ತಟ್ಟುವ ಮಾತಿಲ್ಲ, ಬದಲಿಸಬೇಕು.

ಆದರೆ ನನ್ನ ಅನುಮಾನ ಬೇರೆ ಕಡೆಗಿದೆ. ಬೋಲ್ಟ್ ತಲೆಯ ಕೆಳಗೆ ರಬ್ಬರ್ ಇರುವ ದಪ್ಪ ವಾಷರ್‌ಗಳಿದ್ದವೇ? ನೀವು ಪ್ಯಾಕಿಂಗ್ ಮಾತ್ರ ಬದಲಿಸಿದ್ದನ್ನು ಬರೆದಿದ್ದೀರಿ. ಅನೇಕ ಎಂಜಿನ್‌ಗಳಲ್ಲಿ ಬೋಲ್ಟ್‌ಗೆ ಒಂದು ಭುಜ, ಅಂದರೆ ಥ್ರೆಡ್ ಮುಗಿಯುವಲ್ಲಿ ದಪ್ಪನೆಯ ಮೆಟ್ಟಿಲು, ಇರುತ್ತದೆ. ಆ ಭುಜ ಹೆಡ್‌ಗೆ ತಾಗಿದ ಮೇಲೆ ಬೋಲ್ಟ್ ಮುಂದೆ ಹೋಗುವುದಿಲ್ಲ. ಅಲ್ಲಿಂದ ಮುಂದೆ ಕವರ್ ಅನ್ನು ಒತ್ತಿ ಹಿಡಿಯುವ ಕೆಲಸ ಈ ವಾಷರ್‌ನ ರಬ್ಬರಿನದು. ವರ್ಷಗಟ್ಟಲೆ ಬಿಸಿಯಲ್ಲಿ ಕುದಿದ ರಬ್ಬರ್ ಉಗುರಿನಲ್ಲಿ ಒತ್ತಿದರೆ ಕಲ್ಲಿನಂತಿರುತ್ತದೆ, ಅದರ ದಪ್ಪವೂ ತಗ್ಗಿರುತ್ತದೆ. ಹೊಸ ಪ್ಯಾಕಿಂಗ್ ಹೊಸತಾಗಿರುವಷ್ಟು ದಿನ ಇದನ್ನು ಸಹಿಸುತ್ತದೆ. ನಿಮ್ಮದು ಒಂದು ವಾರ ಸಹಿಸಿತು. ಬೋಲ್ಟ್ ಎಷ್ಟು ತಿರುಗಿಸಿದರೂ ಭುಜದ ಮೇಲೆ ಭಾರ ಬೀಳುತ್ತದೆಯೇ ಹೊರತು ಕವರ್ ಒಂದು ಕೂದಲೆಳೆಯಷ್ಟೂ ಕೆಳಗಿಳಿಯುವುದಿಲ್ಲ. ವಾಷರ್‌ಗಳನ್ನೂ ಬದಲಿಸಿ. ಈಗಾಗಲೇ ಜಜ್ಜಿಹೋದ ನಿಮ್ಮ ಪ್ಯಾಕಿಂಗ್ ಕೂಡ ಮತ್ತೆ ಬಳಸಬೇಡಿ.

ಮತ್ತೆ ಕೂರಿಸುವಾಗ ಎಂಜಿನ್ ಪೂರ್ತಿ ತಣ್ಣಗಿರಲಿ. ಹೆಡ್ ಅಲ್ಯೂಮಿನಿಯಂ ಆದ್ದರಿಂದ ಬ್ಲೇಡ್‌ನಲ್ಲಿ ಕೆರೆಯಬೇಡಿ, ಒಂದು ಗೀರು ಬಿದ್ದರೆ ಅದೇ ಆಯಿಲ್‌ಗೆ ಕಾಲುವೆ. ಪ್ಲಾಸ್ಟಿಕ್ ತುಂಡಿನಿಂದ ಕೆರೆಯಿರಿ. ಕೆರೆಯುವ ಮೊದಲು ಒಳಗಿನ ತೂತುಗಳಿಗೆ ಬಟ್ಟೆ ತುರುಕಿ, ಆಮೇಲೆ ಬಟ್ಟೆ ತೆಗೆಯಲು ಮರೆಯಬೇಡಿ (ನಗಬೇಡಿ, ಬಟ್ಟೆ ಬಿಟ್ಟು ಮುಚ್ಚಿದ ಎಂಜಿನ್ ನಾನು ಬಿಚ್ಚಿದ್ದೇನೆ). ಕವರ್‌ನಲ್ಲಿ ಪ್ಯಾಕಿಂಗ್ ಕೂರುವ ತೋಡಿನಲ್ಲಿ ಹಳೆಯ ಸಿಲಿಕೋನ್ ಚೂರು ಉಳಿದರೂ ಪ್ಯಾಕಿಂಗ್ ಅಲ್ಲಿ ಏಳುತ್ತದೆ. ಎರಡೂ ಮೇಲ್ಮೈ ಜಿಡ್ಡಿಲ್ಲದೆ ಒಣಗಿರಬೇಕು.

ಸಿಲಿಕೋನ್ ವಿಷಯ. ಅಚ್ಚಿನ ರಬ್ಬರ್ ಪ್ಯಾಕಿಂಗ್‌ಗೆ ಉದ್ದಕ್ಕೂ ಮೆತ್ತಿದರೆ ಅದು ಜಾರಿ ಹೊರಗೆ ಹೊರಳುತ್ತದೆ. ಒಳಗೆ ಒಸರಿದ ಸಿಲಿಕೋನ್ ಕಿತ್ತು ಬಂದು ಕೆಳಗಿನ ಆಯಿಲ್ ಜಾಲರಿಗೆ ಸಿಕ್ಕಿಕೊಂಡರೆ ಎಂಜಿನ್‌ಗೇ ಆಯಿಲ್ ಸಿಗದು. ಅದು ಬೇಕಾಗುವುದು ಎರಡು ಲೋಹಗಳು ಸೇರುವ ಸಂದಿಯಲ್ಲಿ ಮಾತ್ರ: ಕ್ಯಾಮ್‌ನ (ವಾಲ್ವ್ ತೆರೆಯುವ ದಂಡ) ಬೇರಿಂಗ್ ಕ್ಯಾಪ್ ಹೆಡ್‌ಗೆ ಕೂರುವ ಮೂಲೆ, ಟೈಮಿಂಗ್ ಕವರ್ ಬಂದು ಸೇರುವ ಗೆರೆ, ಅರ್ಧಚಂದ್ರದ ರಬ್ಬರ್ ಇದ್ದರೆ ಅದರ ಎರಡು ತುದಿ. ಅಲ್ಲಿಯೂ ಒಂದು ಸಣ್ಣ ಹನಿ ಸಾಕು.

ಎಲ್ಲ ಬೋಲ್ಟ್‌ಗಳನ್ನೂ ಮೊದಲು ಬೆರಳಲ್ಲೇ ತಿರುಗಿಸಿ. ಬೆರಳಿಗೆ ಬಾರದ್ದು ಥ್ರೆಡ್ ತಪ್ಪಿ ಕೂತಿದೆ ಎಂದರ್ಥ. ಆಮೇಲೆ ನಡುವಿನಿಂದ ಶುರುಮಾಡಿ, ಎದುರುಬದುರಾಗಿ ತುದಿಗಳ ಕಡೆಗೆ, ಅರ್ಧ ಬಿಗಿಯಲ್ಲಿ ಒಂದು ಸುತ್ತು, ಪೂರ್ತಿ ಬಿಗಿಯಲ್ಲಿ ಇನ್ನೊಂದು. ಒಂದೇ ತುದಿಯಿಂದ ಬಿಗಿಯುತ್ತಾ ಹೋದರೆ ಪ್ಯಾಕಿಂಗ್ ಇನ್ನೊಂದು ತುದಿಗೆ ತಳ್ಳಲ್ಪಟ್ಟು ಅಲ್ಲಿ ಸುಕ್ಕಾಗುತ್ತದೆ. ಕಾರ್ಕ್ ಪ್ಯಾಕಿಂಗ್ ಬಿಸಿಗೆ ತಗ್ಗುವುದರಿಂದ ಒಂದೆರಡು ಸಲ ಓಡಿಸಿ ತಣಿದ ಮೇಲೆ ಮತ್ತೆ ನೋಡಬೇಕು. ರಬ್ಬರಿನದಾದರೆ ಮತ್ತೆ ಮುಟ್ಟಬೇಡಿ.

ಇಷ್ಟಾದರೂ ಸೋರಿದರೆ ಬ್ರೀದರ್ ಕೊಳವೆ ಮತ್ತು ಪಿಸಿವಿ ವಾಲ್ವ್ ನೋಡಿ. ಪಿಸ್ಟನ್ ಸಂದಿಯಿಂದ ಕೆಳಗಿಳಿಯುವ ಗಾಳಿ ಹೊರಹೋಗುವ ದಾರಿ ಅದು. ಮಸಿ ಕಟ್ಟಿ ಮುಚ್ಚಿಕೊಂಡರೆ ಒಳಗಿನ ಒತ್ತಡ ಆಯಿಲ್ ಅನ್ನು ಸಿಕ್ಕ ಸಂದಿಯಿಂದ ದೂಡುತ್ತದೆ. ಆಗ ಯಾವ ಪ್ಯಾಕಿಂಗ್ ಹಾಕಿದರೂ ಅಷ್ಟೇ.

ಪ್ರಶ್ನೆ: ಸಿಗ್ನಲ್‌ನಲ್ಲಿ ನಿಂತಾಗ ಸುಟ್ಟ ಆಯಿಲ್ ವಾಸನೆ ಬರುತ್ತದೆ, ಆದರೆ ನೆಲದ ಮೇಲೆ ಒಂದು ಹನಿಯೂ ಇಲ್ಲ. ಸೋರಿಕೆ ಇಲ್ಲವೆಂದೇ ಅರ್ಥವೇ?

ಉತ್ತರ: ಇದೆ, ನೆಲ ಮುಟ್ಟುವ ಮೊದಲೇ ಸುಡುತ್ತಿದೆ. ಕವರ್‌ನ ಅಂಚಿನಿಂದ ಇಳಿದ ಆಯಿಲ್ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್‌ನಿಂದ ಹೊಗೆ ಹೊರಬರುವ ಬಿಸಿ ಕೊಳವೆ) ಮೇಲೆ ಬೀಳುತ್ತಿರಬೇಕು. ಓಡುವಾಗ ಗಾಳಿ ವಾಸನೆಯನ್ನು ಕೊಂಡೊಯ್ಯುತ್ತದೆ, ನಿಂತಾಗ ಒಳಗೆ ಬರುತ್ತದೆ. ಮುಂದೂಡಬೇಡಿ, ಬೆಂಕಿ ಹತ್ತುವ ಜಾಗ ಅದು.

ಪ್ರಶ್ನೆ: ಎಂಜಿನ್‌ನ ಹಿಂಬದಿಯ ಆಯಿಲ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಎಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಒಪ್ಪಲೇ?

ಉತ್ತರ: ಒಪ್ಪುವ ಮೊದಲು ಕವರ್‌ನ ಹಿಂಬದಿಯನ್ನು ಬೆರಳಿನಿಂದ ಸವರಿ ನೋಡಿ. ಅಲ್ಲಿ ಕಣ್ಣು ಹೋಗುವುದಿಲ್ಲ. ಅಲ್ಲಿಂದ ಸೋರಿದ ಆಯಿಲ್ ಎಂಜಿನ್ ಬೆನ್ನಿನ ಮೇಲೆ ಇಳಿದು ಗೇರ್‌ಬಾಕ್ಸ್ ಸೇರುವ ಕಡೆಯೇ ತೊಟ್ಟಿಕ್ಕುತ್ತದೆ. ಸೀಲ್‌ನ ತಪ್ಪಿನಂತೆಯೇ ಕಾಣುತ್ತದೆ. ಎಂಜಿನ್ ತೊಳೆಸಿ, ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿ, ಸ್ವಲ್ಪ ದೂರ ಓಡಿಸಿ ಬನ್ನಿ. ಒದ್ದೆ ಗೆರೆಯ ಮೇಲಿನ ತುದಿ ಎಲ್ಲಿದೆಯೋ ಸೋರಿಕೆ ಅಲ್ಲೇ.

ಪ್ರಶ್ನೆ: ಪಕ್ಕದ ಮನೆಯವರ ಬಳಿ ದೊಡ್ಡ ಟಾರ್ಕ್ ರೆಂಚ್ (ಹೊಂದಿಸಿದಷ್ಟು ಬಿಗಿ ಬಂದಾಗ ‘ಕಟ್’ ಎನ್ನುವ ಪಾನಾ) ಇದೆ, 40ರಿಂದ 200 ನ್ಯೂಟನ್ ಮೀಟರ್‌ನದು. ಟ್ಯಾಪೆಟ್ ಕವರ್‌ಗೆ ಅದನ್ನೇ ಬಳಸಬಹುದೇ?

ಉತ್ತರ: ಚಕ್ರದ ನಟ್ಟಿಗೆ ಬಳಸಿ. ಇಲ್ಲಿ ಬಳಸಿದರೆ ‘ಕಟ್’ ಎಂಬ ಸದ್ದು ಖಂಡಿತ ಕೇಳಿಸುತ್ತದೆ, ಆದರೆ ಅದು ರೆಂಚಿನದಾಗಿರುವುದಿಲ್ಲ.