ಕಂಪ್ಯೂಟರ್ ಪ್ರಶ್ನೋತ್ತರ: ಮದರ್‌ಬೋರ್ಡ್ ಬದಲಿಸಿದ ಮೇಲೆ ವಿಂಡೋಸ್

ಪ್ರಶ್ನೆ: ನಮ್ಮದು ಆರನೇ ತಲೆಮಾರಿನ ಐ3 ಇರುವ ಅಸೆಂಬಲ್ಡ್ ಕಂಪ್ಯೂಟರ್, ವಿಂಡೋಸ್ 10. ಬಿ550 ಮದರ್‌ಬೋರ್ಡ್, ರೈಜನ್ 5 5600, 16 ಜಿಬಿ ರ‍್ಯಾಮ್ ಹಾಕಿಸಬೇಕೆಂದಿದ್ದೇನೆ. ಎಸ್‌ಎಸ್‌ಡಿ ಹಳೆಯದೇ. ವಿಂಡೋಸ್ ಮತ್ತೆ ಹಾಕಲೇಬೇಕೆ? ಸಿ ಡ್ರೈವ್ ಫಾರ್ಮ್ಯಾಟ್ ಮಾಡಿದರೆ ಸಾಲದೆ?
– ಓದುಗರು, ದಾವಣಗೆರೆ

ಉತ್ತರ: ಬೋರ್ಡ್ ಕೊಳ್ಳುವ ಮುಂಚೆಯೇ ಗಮನಿಸಿ: 5600 ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ (ಪರದೆಗೆ ಚಿತ್ರ ಕಳಿಸುವ ಭಾಗ) ಇಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಮಾನಿಟರ್ ಕಪ್ಪಾಗಿಯೇ ಇರುತ್ತದೆ. ಕಾರ್ಡ್ ಇಲ್ಲವಾದರೆ ಗ್ರಾಫಿಕ್ಸ್ ಇರುವ 5600ಜಿ ಕೊಳ್ಳಿ.

ಹಳೆಯ ಎಸ್‌ಎಸ್‌ಡಿ ಸಿಕ್ಕಿಸಿದರೆ ವಿಂಡೋಸ್ 10 ಬಹುತೇಕ ತಾನಾಗಿಯೇ ಶುರುವಾಗುತ್ತದೆ. ವಿಂಡೋಸ್ 7ರ ಕಾಲದಂತೆ ನೀಲಿ ಪರದೆ ಬರುವುದು ಈಗ ಕಡಿಮೆ. ಆದರೂ ಇಂಟೆಲ್‌ನಿಂದ (ಐ3) ಎಎಂಡಿಗೆ (ರೈಜನ್) ಬಂದಾಗ ಹಳೆಯ ಡ್ರೈವರ್‌ಗಳ (ಬಿಡಿಭಾಗಗಳನ್ನು ನಡೆಸುವ ತಂತ್ರಾಂಶಗಳ) ಕಸ ಉಳಿಯುತ್ತದೆ. ಮೇಲಾಗಿ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ವಿಂಡೋಸ್ 11 ಹೊಸದಾಗಿ ಹಾಕುವುದೇ ಮೇಲು.

ಸಿ ಮಾತ್ರ ಫಾರ್ಮ್ಯಾಟ್ ಮಾಡುವ ರೂಢಿ ಇಲ್ಲಿ ಕೈಕೊಡಬಹುದು. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಸಿ ಡ್ರೈವ್ ಇರುವ ಡಿಸ್ಕಿನ (ಸಾಮಾನ್ಯವಾಗಿ ಡಿಸ್ಕ್ 0) ಪ್ರಾಪರ್ಟೀಸ್‌ನ ವಾಲ್ಯೂಮ್ಸ್ ಪುಟ ನೋಡಿ. ಡಿಸ್ಕನ್ನು ವಿಭಾಗಿಸಿರುವ ಬಗೆ ಅಲ್ಲಿರುತ್ತದೆ. ಹೊಸ ಬಗೆಯಾದ ಜಿಪಿಟಿ ಎಂದಿದ್ದರೆ ಚಿಂತೆಯಿಲ್ಲ. ಹಳೆಯ ಬಗೆಯಾದ ಎಂಬಿಆರ್ ಎಂದಿದ್ದರೆ, ವಿಂಡೋಸ್ 11ಕ್ಕೆ ಬೇಕಾದ ಯುಇಎಫ್‌ಐ (ಕಂಪ್ಯೂಟರ್ ಶುರುವಾಗುವ ಹೊಸ ವಿಧಾನ) ವಿಧಾನದಲ್ಲಿ ವಿಂಡೋಸ್ ಆ ಡಿಸ್ಕಿನಲ್ಲಿ ಕೂರುವುದಿಲ್ಲ. ಎಲ್ಲ ಪಾರ್ಟಿಷನ್ (ಡಿಸ್ಕಿನ ವಿಭಾಗ) ಅಳಿಸಬೇಕು, ಡಿ, ಇ ಡ್ರೈವ್‌ಗಳೂ ಹೋಗುತ್ತವೆ. ಡೇಟಾ ಉಳಿಸಿಕೊಂಡೇ ಬದಲಿಸುವ ಮೈಕ್ರೋಸಾಫ್ಟ್‌ನ ಉಪಕರಣವೊಂದಿದೆ, ಆದರೆ ಡಿಸ್ಕಿನಲ್ಲಿ ಲಾಜಿಕಲ್ ಪಾರ್ಟಿಷನ್ (ಒಂದು ವಿಭಾಗದೊಳಗೆ ಮಾಡಿದ ಉಪವಿಭಾಗ) ಇದ್ದರೆ ಅದು ಒಪ್ಪುವುದಿಲ್ಲ. ಕೆಲವು ಅಂಗಡಿಯವರು ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಲ್ಲಿ) ಸಿಎಸ್‌ಎಂ (ಹಳೆಯ ಬೂಟ್ ವಿಧಾನ) ಆನ್ ಮಾಡಿ ದಾಟಿಸುತ್ತಾರೆ. ಒಪ್ಪಬೇಡಿ, ಶುರುವಾಗುವಾಗ ನಂಬಲಾಗದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಕೈಬಿಟ್ಟುಹೋಗುತ್ತದೆ.

ಹಾಗಾಗಿ ಎಲ್ಲ ಡ್ರೈವ್‌ಗಳನ್ನೂ ಬೇರೆ ಹಾರ್ಡ್ ಡಿಸ್ಕಿಗೆ ನಕಲಿಸಿ. ನುಡಿ, ಬರಹದ ಹಳೆಯ ಕಡತಗಳಿದ್ದರೆ ಅವುಗಳ ಫಾಂಟ್ ಕೂಡ ತೆಗೆದಿಡಿ. ಯೂನಿಕೋಡ್ ಅಲ್ಲದ ಕಡತವನ್ನು ಫಾಂಟ್ ಇಲ್ಲದೆ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ.

ಲೈಸೆನ್ಸ್ ಅಂಟಿಕೊಂಡಿರುವುದು ಮುಖ್ಯವಾಗಿ ಮದರ್‌ಬೋರ್ಡಿಗೆ. ಬಿಚ್ಚುವ ಮೊದಲೇ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ, ಆಕ್ಟಿವೇಶನ್ ಪುಟದಲ್ಲಿ ಲೈಸೆನ್ಸ್ ಖಾತೆಗೆ ಜೋಡಣೆಯಾಗಿದೆಯೇ ನೋಡಿ. ಬಿಡಿಯಾಗಿ (ರೀಟೇಲ್) ಕೊಂಡದ್ದಾದರೆ ಹೊಸ ಬೋರ್ಡಿಗೆ ಒಯ್ಯಬಹುದು. ಕಂಪ್ಯೂಟರ್ ಜೊತೆಗೇ ಬಂದ ಒಇಎಂ ಲೈಸೆನ್ಸ್ ಆದರೆ ಇಲ್ಲ.

8 ಜಿಬಿ ಪೆನ್‌ಡ್ರೈವ್‌ನಲ್ಲಿ ವಿಂಡೋಸ್ 11 ತಯಾರಿಸಿ, ಬೋರ್ಡಿನ ನೆಟ್‌ವರ್ಕ್ ಡ್ರೈವರನ್ನೂ ಅದರಲ್ಲೇ ಹಾಕಿಕೊಳ್ಳಿ. ಇನ್‌ಸ್ಟಾಲ್ ನಡುವೆ ಇಂಟರ್‌ನೆಟ್ ಕೇಳುತ್ತದೆ, ಡ್ರೈವರ್ ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತೀರಿ. ಬಯೋಸ್‌ನಲ್ಲಿ ಎಫ್‌ಟಿಪಿಎಂ (ಪ್ರೊಸೆಸರ್‌ನಲ್ಲೇ ಇರುವ ಟಿಪಿಎಂ, ಎಂದರೆ ಭದ್ರತಾ ಕೀಗಳನ್ನು ಕಾಪಾಡುವ ಭಾಗ) ಆನ್, ಸಿಎಸ್‌ಎಂ ಆಫ್ ಇರಲಿ. ಬೇರೆ ಹಾರ್ಡ್ ಡಿಸ್ಕಿದ್ದರೆ ಕೇಬಲ್ ಕಳಚಿಡಿ. ಇಲ್ಲವಾದರೆ ವಿಂಡೋಸ್ ಶುರುಮಾಡುವ ಬೂಟ್ ಪಾರ್ಟಿಷನ್ ಕೆಲವೊಮ್ಮೆ ಅದರಲ್ಲಿ ಹೋಗಿ ಕೂತು, ಮುಂದೆ ಆ ಡಿಸ್ಕ್ ತೆಗೆದ ದಿನ ಕಂಪ್ಯೂಟರ್ ಏಳುವುದಿಲ್ಲ. ಕೊನೆಗೆ ಎಎಂಡಿಯ ಚಿಪ್‌ಸೆಟ್ (ಮದರ್‌ಬೋರ್ಡಿನ ಮುಖ್ಯ ಚಿಪ್) ಡ್ರೈವರ್ ಹಾಕಿ. ಆಕ್ಟಿವೇಟ್ ಆಗದಿದ್ದರೆ ಟ್ರಬಲ್‌ಶೂಟರ್‌ನಲ್ಲಿ ‘ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ’ ಎಂಬುದನ್ನು ಆರಿಸಿ.

ಪ್ರಶ್ನೆ: ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಬದಲಿಸಿ ತಂದ ಮೇಲೆ 48 ಅಂಕಿಗಳ ಕೀ ಕೇಳುತ್ತಿದೆ. ನಾನು ಯಾವ ಪಾಸ್‌ವರ್ಡೂ ಇಟ್ಟಿರಲಿಲ್ಲ.
– ಓದುಗರು, ಹಾಸನ

ಉತ್ತರ: ಅದು ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ರಿಕವರಿ ಕೀ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಗೂಢಲಿಪೀಕರಣ ತಾನೇ ಆನ್ ಆಗುತ್ತದೆ. ಬೀಗ ತೆರೆಯುವ ಟಿಪಿಎಂ ಹಳೆಯ ಬೋರ್ಡಿನ ಜೊತೆ ಹೋಯಿತು. ಮೊಬೈಲ್‌ನಲ್ಲಿ ಅದೇ ಖಾತೆ ತೆರೆದು, ಪರದೆಯ ಮೇಲಿರುವ ಕೀ ಐಡಿಗೆ ಹೊಂದುವ ಕೀಯನ್ನು ಹುಡುಕಿ. ಸಿಗದಿದ್ದರೆ ಡೇಟಾ ತೆಗೆಯಲು ಬೇರೆ ದಾರಿಯಿಲ್ಲ. ಫಾರ್ಮ್ಯಾಟ್ ಮಾಡಿಯೇ ವಿಂಡೋಸ್ ಹಾಕಬೇಕು.